ತೇಗದ ಹೊಸ್ತಿಲು

“ಎಲೇ ರಂಡಿ, ಹೊಸ್ತಿಲ ದಾಟ್ತೀಯೋ, ತುರುಬು ಹಿಡಿದು ಎಳಸ್ಲೋ?”

ಮೇಸ್ತ್ರಿ ಕಲ್ಯಾಣಪ್ಪ ಓಣಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಉಪ್ಪಲ್‌ನ ಮೆಟ್ರೋ ಹಳಿಯ ಕೆಳಗಿನ ಈ ತಗಡಿನ ಸೂರಿನ ಮನೆಗಳಿಗೆ ಅವನೇ ಹಿರಿಯ, ಅವನೇ ಕೋರ್ಟು. ರಾಯಚೂರು ಸೀಮೆಯಿಂದ ಬಂದವರಿಗೆ ಕೂಲಿ ಕೊಡಿಸುವವನೂ ಅವನೇ. ಹಾಗಾಗಿ ಅವನು ಬೈದರೂ ಜನ “ಹೂಂನ್ರಿ” ಅನ್ನುತ್ತಿದ್ದರು.

ಪಕ್ಕದಲ್ಲಿ ಹನುಮಂತ ವೀಳ್ಯದೆಲೆ ಹಿಡಿದು ನಿಂತಿದ್ದ. ಹೆಂಡತಿ ಹೊಸ್ತಿಲು ದಾಟಿ ಹೊರಬಂದ ಮೇಲೆ ಗಂಡ ಅದೇ ಹೊಸ್ತಿಲ ಮೇಲೆ ಎಲೆ ಹರಿದರೆ ಸೋಡಚೀಟಿ ಆದಂತೆ, ಗಂಡ-ಹೆಂಡತಿಯ ಸಂಬಂಧ ಕಡಿದಂತೆ. ಇದು ಅವರ ಜನರಲ್ಲಿ ಅಜ್ಜ-ಮುತ್ತಜ್ಜನ ಕಾಲದ ಕಟ್ಟಳೆ. ಎಲೆ ಹರಿದದ್ದೇ ತಡ, ಅವನು ಸಿಕಂದರಾಬಾದಿನಲ್ಲಿ ಇಟ್ಟುಕೊಂಡವಳು ಈ ಮನೆಗೆ ಬರುವುದಿತ್ತು.

ಶರಣಬಸಮ್ಮ ಮಾತ್ರ ಒಳಗೇ ಕೂತು ಮಗಳು ಪಿಂಕಿಯ ತಲೆಗೆ ಎಣ್ಣೆ ತಿಕ್ಕುತ್ತಿದ್ದಳು.

“ಈ ಸೇಂದಿ ಗಡಗಿ ಗಂಡ ನಂಗೂ ಬ್ಯಾಡ್ರಿ, ಆಕೀನ ಒಯ್ಯಲಿ. ಆದ್ರ ಮನಿ ಯಾಕ ಬಿಡ್ಲಿ? ಈ ಕೂಸಿನ್ನ ಕರ್ಕೊಂಡು ಯಾ ಪಿಲ್ಲರ್ ಬುಡಕ ಮಕ್ಕೊಳ್ಳಲಿ?”

“ಮನಿ ಗಂಡಸಿಂದು. ನೀ ಏನ್ ತಂದೀಯೋ ಅದನ್ನಷ್ಟ ತಗೊಂಡು ನಡಿ. ನಾಕು ಭಾಂಡಿ, ಒಂದು ಕೌದಿ,” ಎಂದ ಕಲ್ಯಾಣಪ್ಪ.

ಅಯ್ಯೋ, ಇದೆಂಥ ನ್ಯಾಯ! ಕೆಡವಿದ ಮನೆಗಳ ಒಡಕು ಇಟ್ಟಂಗಿಯನ್ನು ದಿನಾ ಸಂಜೆ ಬುಟ್ಟಿಯಲ್ಲಿ ಹೊತ್ತು ತಂದು ಈ ಮನೆಯ ಗೋಡೆ ಎಬ್ಬಿಸಿದವಳು ಅವಳು. ಹನುಮಂತ ಮಾಡಿದ್ದೆಂದರೆ ಆ ಗೋಡೆಗೆ ಬೆನ್ನು ಕೊಟ್ಟು ಸೇಂದಿ ಕುಡಿದದ್ದು. ಹೊಸ್ತಿಲಿನ ಕಥೆ ಇಡೀ ಓಣಿಗೇ ಗೊತ್ತು. ಸಿಕಂದರಾಬಾದಿನ ಹಳೆ ಬಂಗಲೆ ಕೆಡವಿದಾಗ ಸಾಹುಕಾರ ಬಿಸಾಡಿದ ತೇಗದ ತುಂಡು ಅದು. ಆಟೋದವರು ಹತ್ತಿಸಿಕೊಳ್ಳಲಿಲ್ಲ, ತಲೆಯ ಮೇಲೆ ಹೊತ್ತುಕೊಂಡೇ ನಡೆದು ಬಂದಿದ್ದಳು. ಆಗ ಪಿಂಕಿ ಹೊಟ್ಟೆಯಲ್ಲಿದ್ದಳು.

ಶರಣಬಸಮ್ಮನ ಕೈ ಎಣ್ಣೆಯಲ್ಲೇ ನಿಂತಿತು. ಮುಖದಲ್ಲಿ ನಗು ಮೂಡಿತು.

“ನಾ ತಂದದ್ದೆಲ್ಲಾ ಒಯ್ಯಬಹುದೇನ್ರಿ?”

“ಒಯ್ಯೇ ತಾಯಿ, ಒಯ್ಯಿ! ಪೀಡಾ ತೊಲಗಲಿ.”

“ಕೇಳಿದ್ರಿಲ್ಲೋ ಯವ್ವಾ? ಭಾಗ್ಯಾ, ಹಾರಿ ಕೊಡು.”

ಪಕ್ಕದ ಮನೆಯ ಭಾಗ್ಯಶ್ರೀ ಹಾರೆಯೊಂದಿಗೆ ಓಡಿಬಂದಳು. ಇಬ್ಬರೂ ಸೆರಗು ಬಿಗಿದು ಮೀಟಿದರು. ಮಣ್ಣು ಉದುರಿತು, ಹೊಸ್ತಿಲು ಎದ್ದು ಬಂತು.

“ಏ ಏ! ಏನ್ ಮಾಡಾಕತ್ತೀ?” ಹನುಮಂತ ಬಾಯಿ ಬಿಟ್ಟ.

“ನಂದು ನಾ ತಗೊಳ್ಳಾಕತ್ತೀನಿ. ಇದಾದ ಮ್ಯಾಲ ಇಟ್ಟಂಗಿ, ದಿನಕ್ಕೊಂದು. ಅವೆಲ್ಲಾ ಮುಗಿಯೂತನಕ ಇಲ್ಲೇ ಇರತೀನಿ.”

ಮುದುಕಿ ಸುಂದರಾಬಾಯಿ ಹಲ್ಲಿಲ್ಲದ ಬಾಯಿ ತೆರೆದು ಕಿಸಕ್ಕನೆ ನಕ್ಕಳು. “ಎಲಿ ಎಲ್ಲಿ ಹರೀತೀಯೋ ಹಣಮ್ಯಾ? ನಿನ್ನ ಹೊಸಾಕಿ ಅಕ್ಕಿ ಸೇರು ಎಲ್ಲಿಟ್ಟು ಒದೀತಾಳೋ?”

ಓಣಿಗೆ ಓಣಿಯೇ ನಕ್ಕಿತು. ಕಲ್ಯಾಣಪ್ಪ ಕುರ್ಚಿ ಒದ್ದು ಎದ್ದ.

“ನಾಳಿಂದ ಕೆಲಸಕ್ಕ ಬರಬ್ಯಾಡ, ಬೋಸುಡಿ!”

“ಆಕಿ ಬರಲಿಲ್ಲಂದ್ರ ನಾವೂ ಬರಂಗಿಲ್ಲ,” ಎಂದಳು ಭಾಗ್ಯಶ್ರೀ. “ನಾಳೆ ಸ್ಲ್ಯಾಬ್ ಐತಲ್ಲ ಮೇಸ್ತ್ರಿ, ಕಾಂಕ್ರೀಟ್ ಬುಟ್ಟಿ ನೀನ ಹೊರು.”

ಹೆಂಗಸರು ಒಬ್ಬೊಬ್ಬರಾಗಿ ಅವಳ ಪಕ್ಕ ಬಂದು ನಿಂತರು. ನಾಳೆಯ ಸ್ಲ್ಯಾಬು ನೆನಪಾಗಿ ಮೇಸ್ತ್ರಿ, ತಾನೇ ಒದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದ.

ಶರಣಬಸಮ್ಮ ಹೊಸ್ತಿಲನ್ನು ಮನೆಯ ನಡುವೆ ಎಳೆದುಹಾಕಿ, ಪಿಂಕಿಯನ್ನು ಅದರ ಮೇಲೆ ಕೂರಿಸಿದಳು. ಆಮೇಲೆ ಬಾಗಿಲಿನಿಂದಲೇ ಕೈಚಾಚಿ, ಹನುಮಂತನ ಕೈಯಲ್ಲಿ ಬಾಡುತ್ತಿದ್ದ ಎಲೆಯನ್ನು ಕಿತ್ತುಕೊಂಡಳು.

“ಸುಣ್ಣ ಐತೇನ್ರೇ ಯಾರ ಹತ್ರಾದ್ರೂ?”

ಸುಂದರಾಬಾಯಿ ಸೊಂಟದ ಚೀಲದಿಂದ ಸುಣ್ಣದ ಡಬ್ಬಿ ತೆಗೆದುಕೊಟ್ಟಳು. ಶರಣಬಸಮ್ಮ ಎಲೆಗೆ ಸುಣ್ಣ ಸವರಿ, ಮಡಿಚಿ ಬಾಯಿಗಿಟ್ಟುಕೊಂಡು, ಮಗಳ ಜಡೆ ಹೆಣೆಯಲು ಕೂತಳು.