ಮೂರು ಬೆರಳಿನ ಗುರುತು

"ತಳದಾಗಿಂದ ತೆಗಿ ಮಾಯಕ್ಕಾ. ಮ್ಯಾಲಿನವು ಬಿಸಲಿಗೆ ಬೆವತಾವ," ಎಂದು ಗಂಗೂಬಾಯಿ ಕಟ್ಟೆಯ ಮೇಲೆ ಕೂತೇ ಹೇಳಿದಳು.

"ಕಾರ್ತೀಕದಾಗ ಎಲ್ಲೀ ಬಿಸಲರೀ ಬಾಯಾರ? ನಿಮ್ಮ ಕಣ್ಣು ಬಿದ್ದು ಬೆವತಾವ," ಎಂದು ಮಾಯಕ್ಕ ಬುಟ್ಟಿ ಇಳಿಸಿ ಎಲೆ ಸರಿಸಿದಳು.

ಅವಳು ಶನಿವಾರದ ಸಂತೆಗೆಂದು ಖಾನಾಪುರದಿಂದ ಬೆಳಗಿನ ಗಾಡಿಗೆ ಬಂದಿದ್ದಳು. ಬುಟ್ಟಿಯ ತುಂಬ ಮುರುಗಲ ತುಪ್ಪದ ಉಂಡೆಗಳು. ಮುರುಗಲ ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಜಿಡ್ಡನ್ನು ಆರುತ್ತಿರುವಾಗಲೇ ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟುತ್ತಾರೆ. ಗಟ್ಟಿಯಾದ ಮೇಲೆ ಕಟ್ಟಿದವಳ ಬೆರಳ ಗುರುತು ಹಾಗೇ ಉಳಿಯುತ್ತದೆ. ಚಳಿಗೆ ಬಿರಿದ ತುಟಿಗೆ, ಒಡೆದ ಹಿಮ್ಮಡಿಗೆ ಅನಂತಶಯನ ಗಲ್ಲಿಯ ಹೆಂಗಸರು ನಂಬಿದ್ದು ಅದೊಂದನ್ನೇ.

ಸೊಸೆ ಕುಂದಾ ಬೋಗಣಿ ಹಿಡಿದು ಬುಟ್ಟಿಯ ಮುಂದೆ ಕೂತಳು. ಅವಳು ಹುಡುಕುತ್ತಿದ್ದುದು ಬೆಳ್ಳಗಿರುವ ಉಂಡೆಗಳನ್ನಲ್ಲ. ನಾಲ್ಕರ ಬದಲು ಮೂರೇ ಬೆರಳಿನ ಗುರುತಿರುವುದನ್ನು. ಅವಳ ತಾಯಿಯ ಬಲಗೈ ಕಿರುಬೆರಳು ಚಿಕ್ಕಂದಿನಲ್ಲೇ ಬಾಗಿಲಿಗೆ ಸಿಕ್ಕು ಸೆಟೆದುಹೋಗಿತ್ತು. ಮುಷ್ಟಿ ಹಿಡಿದರೂ ಮಡಚುತ್ತಿರಲಿಲ್ಲ.

ಎರಡು ವರ್ಷದ ಹಿಂದೆ, ವಿಧವೆಯಾಗಿದ್ದ ಆ ತಾಯಿ ಖಾನಾಪುರದ ಮಧುಕರ ಮಾಸ್ತರನ್ನು ಮರುಮದುವೆಯಾದಳು. ಸುದ್ದಿ ಬಂದ ದಿನ ಗಂಗೂಬಾಯಿ ಸೊಸೆಯನ್ನು ಹಿತ್ತಲಿಗೆ ಕರೆದೊಯ್ದು, ತಲೆಯ ಮೇಲೆ ತಣ್ಣೀರು ಸುರಿದು, ಸೂತಕದ ಸ್ನಾನ ಮಾಡಿಸಿದ್ದಳು. "ಇನ್ನ ನಿನ್ನ ಪಾಲಿಗೆ ಆಕಿ ಸತ್ಲು," ಎಂದಿದ್ದಳು. ಅಲ್ಲಿಂದ ಮುಂದೆ ತಾಯಿ ಬರೆದ ಕಾಗದಗಳೆಲ್ಲ ಟಪಾಲಿನವನ ಕೈಯಲ್ಲೇ ವಾಪಸಾದವು. ಖಾನಾಪುರ ಹದಿನಾರು ಮೈಲು. ಗಾಡಿ ಹತ್ತಿದರೆ ಒಂದು ತಾಸಿನ ದಾರಿ. ಹೋದ ಚಳಿಗಾಲ ಮಾಯಕ್ಕನ ಬುಟ್ಟಿಯಲ್ಲಿ ಮೂರು ಬೆರಳಿನ ಉಂಡೆಗಳು ಕಂಡಾಗ ಕುಂದಾ ಅವನ್ನಷ್ಟೇ ಆರಿಸಿ ಬೋಗಣಿಗೆ ಹಾಕಿಕೊಂಡಳು. ಮಾಯಕ್ಕ ಬುಟ್ಟಿಯನ್ನು ಅವಳತ್ತ ಸರಿಸಿದಳು.

ಗಂಗೂಬಾಯಿ ತಕ್ಕಡಿ ತರಲು ಒಳಗೆ ಹೋದಳು. ಮಾಯಕ್ಕ ಬುಟ್ಟಿಯ ಮೂಲೆಯಿಂದ ಎಲೆಯ ಪೊಟ್ಟಣವೊಂದನ್ನು ಬಿಚ್ಚಿದಳು. ಒಳಗೆ ಪೂರಿಯಷ್ಟಗಲದ ಚಪ್ಪಟೆ ತುಪ್ಪದ ತುಂಡು. ಅದರ ಮೇಲೆ ಒಂದು ಪುಟ್ಟ ಅಂಗೈ, ಬಿಡಿಸಿದ ಐದು ಬೆರಳು. ತುದಿ ಒಂದೊಂದೂ ಅವರೆಕಾಳಿನಷ್ಟು.

"ಶ್ರಾವಣದಾಗ ಹುಟ್ಟೈತ್ರಿ ಸಣ್ಣ ಬಾಯಾರ. ಹೆಣ್ಣು," ಎಂದು ಮಾಯಕ್ಕ ದನಿ ತಗ್ಗಿಸಿದಳು. "ಕೈ ಒತ್ತಸೂಮುಂದ ತುಪ್ಪನ ಬಾಯಾಗ ಹಾಕ್ಕೊಳ್ಳಾಕ ಹೊಂಟಿತ್ತು. ನಿಮ್ಮ ಅವ್ವಾರು ನಕ್ಕಿದ್ದೇ ನಕ್ಕಿದ್ದು. ಮೂಗು ಥೇಟ್ ನಿಮ್ಮದ."

"ಹೆಸರು?" ಎಂದು ಕುಂದಾ ಕೇಳುವಷ್ಟರಲ್ಲಿ ತಕ್ಕಡಿಯ ಸರಪಳಿಯ ಸದ್ದು ಹೊಸ್ತಿಲಿಗೆ ಬಂದಿತ್ತು. ಕುಂದಾ ಆ ತುಂಡನ್ನು ಬೋಗಣಿಯ ಅಡಿಯಲ್ಲಿಟ್ಟು ಮೇಲೆ ಉಂಡೆಗಳನ್ನು ಹೇರಿದಳು.

ಮಧ್ಯಾಹ್ನ ತುಪ್ಪ ಕಾಸುವಾಗ ಅದನ್ನು ನೀರಿನ ಕೊಡದ ಹಿಂದೆ ಸರಿಸಿಟ್ಟಿದ್ದಳು. ಗಂಗೂಬಾಯಿಯ ಕಣ್ಣಿಗೆ ಅದು ತಪ್ಪಲಿಲ್ಲ.

"ಆ ಚೂರು ಯಾಕ ಬಿಟ್ಟಿ? ಇಲಿಗೇನು?"

"ಇರ್ಲಿ ಬಿಡ್ರಿ ಅತ್ಯಾರ, ಆಮ್ಯಾಲೆ..."

ಮಾತು ಮುಗಿಯುವ ಮೊದಲೇ ಗಂಗೂಬಾಯಿ ಅದನ್ನೆತ್ತಿ ಬೋಗಣಿಗೆ ಹಾಕಿದಳು. ತುಂಡು ಒಂದು ಕ್ಷಣ ಅಂಗೈ ಮೇಲಾಗಿ ತೇಲಿತು. ಮೊದಲು ಬೆರಳುಗಳು ಹೋದವು. ಅಂಗೈಯ ತಗ್ಗು ಸ್ವಲ್ಪ ಹೊತ್ತು ಉಳಿದಿತ್ತು. ಕುಂದಾ ಸೌಟು ಆಡಿಸದೆ ನೋಡುತ್ತ ನಿಂತಳು.

ಆರುತ್ತಿದ್ದ ತುಪ್ಪವನ್ನು ಅವಳೇ ಅತ್ತೆಯ ಹಿಮ್ಮಡಿಗೆ ತಿಕ್ಕಿದಳು. ಗಂಗೂಬಾಯಿ ಹಾಯೆನಿಸಿ ಕಣ್ಣು ಮುಚ್ಚಿದಳು. "ಯಾವಾಕಿ ಮಾಡ್ತಾಳೋ, ಪುಣ್ಯಾತಗಿತ್ತಿ. ಆಕಿ ಕೈಯಾಗ ಗುಣ ಅದ," ಎನ್ನುತ್ತ ಅಲ್ಲೇ ನಿದ್ದೆಹೋದಳು.

ಕುಂದಾ ಅಡಿಗೆಮನೆಗೆ ಬಂದು ಬೋಗಣಿಯ ತಳ ಬಳಿದು, ಒಂದು ಹಿಡಿ ಎತ್ತಿ ಮುಷ್ಟಿ ಕಟ್ಟಿದಳು. ತಾಯಿಯ ಬಗಲಲ್ಲಿ ಕೂತು ಕಲಿತ ಕೆಲಸ. ಮುಷ್ಟಿ ಬಿಚ್ಚಿ ನೋಡಿದರೆ ಮೂರೇ ಗುರುತು. ಯಾವ ಊನವೂ ಇಲ್ಲದ ತನ್ನ ಕಿರುಬೆರಳು, ಮಡಚಬಲ್ಲ ಬೆರಳು, ತಾನಾಗಿಯೇ ಗಾಳಿಯಲ್ಲಿ ಸೆಟೆದು ನಿಂತಿತ್ತು. ಇಷ್ಟು ವರ್ಷ ಅವಳು ಅದನ್ನು ಗಮನಿಸಿರಲಿಲ್ಲ.

ಮುಂದಿನ ಶನಿವಾರ ಮಾಯಕ್ಕ ಜೇನು ಹೊತ್ತು ಬಂದಾಗ ಕುಂದಾ ಆ ಉಂಡೆಯನ್ನು ಚಾಚಿದಳು.

"ಇದು ಕೆಟ್ಟದ. ವಾಪಸ್ ಒಯ್ಯಿ."

ಮಾಯಕ್ಕ ಉಂಡೆಯನ್ನು ತಿರುಗಿಸಿ ನೋಡಿದಳು. ಗುರುತು ಮೂರೇ, ಆದರೆ ಬೆರಳು ಸಣ್ಣವು; ಅದು ತಾನು ತಂದದ್ದಲ್ಲವೆಂದು ಅವಳಿಗೆ ತಿಳಿಯಿತು. "ಹೌದ್ರಿ. ಕೆಟ್ಟ ವಾಸನಿ," ಎಂದಳು.

"ಎಲ್ಲಿ, ತಾ ಇಲ್ಲೆ," ಎಂದು ಗಂಗೂಬಾಯಿ ಕೈ ನೀಡಿದಳು. ಉಂಡೆಯನ್ನು ಮೂಗಿಗೆ ಹಿಡಿದಳು. ಆಮೇಲೆ ಅದರ ಮೇಲಿನ ಗುರುತುಗಳ ಮೇಲೆ ಹೆಬ್ಬೆರಳಾಡಿಸಿದಳು. ನಾಲ್ಕನೆಯದು ಇರಬೇಕಾದ ಜಾಗಕ್ಕೆ ಬಂದು ಹೆಬ್ಬೆರಳು ನಿಂತಿತು.

"ನನ್ನ ಮೂಗು ಕಟ್ಟೇದ. ಏನೂ ತಿಳೀವಲ್ತು," ಎಂದು ಗಂಗೂಬಾಯಿ ಉಂಡೆಯನ್ನು ಬುಟ್ಟಿಗೆ ಹಾಕಿದಳು. "ಬ್ಯಾಡಂದಮ್ಯಾಲೆ ಒಯ್ಯಲಿ."

ಕುಂದಾ ಹೊಸ್ತಿಲಲ್ಲಿ ನಿಂತಳು. ಮಾಯಕ್ಕ ಉಂಡೆಗೆ ಹಸಿ ಎಲೆ ಸುತ್ತಿದಳು. ಬುಟ್ಟಿಯನ್ನು ತಲೆಗೇರಿಸದೆ ಸೊಂಟಕ್ಕಿಟ್ಟು, ಸೆರಗು ಹೊದಿಸಿ, ಗಲ್ಲಿಯ ನೆರಳಿನ ಬದಿ ಹಿಡಿದು ಸ್ಟೇಶನ್ನಿನ ಕಡೆಗೆ ನಡೆದಳು.