ಗೇಟಿನ ಎದುರಿನ ಬೀರು

ನಮ್ಮೂರಿನ ಸರ್ಕಾರಿ ಆಸ್ಪತ್ರೆ ಮಾಜಿ ಸೈನಿಕರದ್ದು. ಅದರ ಗೇಟಿನಲ್ಲಿ ಒಂದು ಫಲಕ ಇದೆ. ಆಯುಧ ಒಳಗೆ ತರುವಂತಿಲ್ಲ, ಗಾಡಿಯಲ್ಲಿ ಇಟ್ಟುಕೊಂಡು ಬಂದರೂ ಅಪರಾಧ ಎಂದು ಅದರಲ್ಲಿ ಬರೆದಿದೆ. ಆ ಫಲಕಕ್ಕೆ ಸರಿಯಾಗಿ ಎದುರು, ರಸ್ತೆಯ ಈಚೆ, ನನ್ನ ಕ್ಷೌರದಂಗಡಿ. ಮೂವತ್ತೊಂದು ವರ್ಷ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಆ ಫಲಕ ನೋಡುತ್ತಿದ್ದೆ, ಬೈಯುತ್ತಿದ್ದೆ, ಆಮೇಲೆ ಕಾಫಿಗೆ ನೀರಿಡುತ್ತಿದ್ದೆ.

ಅಮೆರಿಕದ ವಯೋಮಿಂಗ್‌ನ ಈ ಬಯಲಿನಲ್ಲಿ ಜನ ಪಿಸ್ತೂಲಿಲ್ಲದೆ ಮನೆ ಬಿಡುವುದಿಲ್ಲ. ಆಸ್ಪತ್ರೆಗೆ ಬರುವವರು ನೂರು, ನೂರಿಪ್ಪತ್ತು ಮೈಲಿಯಿಂದ ಬರುತ್ತಾರೆ. ದಾರಿಯಲ್ಲಿ ಗಾಡಿಗೆ ಸಿಕ್ಕಿ ಸೊಂಟ ಮುರಿದುಕೊಂಡ ಜಿಂಕೆ ಬಿದ್ದಿರುತ್ತದೆ, ಅದನ್ನು ನರಳಲು ಬಿಟ್ಟು ಬರಲಾಗುವುದಿಲ್ಲ, ಗುಂಡು ಹೊಡೆದು ನೋವು ಮುಗಿಸಬೇಕು. ಇನ್ನು ಕೆಲವರಿಗೆ ಸೊಂಟದಲ್ಲಿ ಆ ಭಾರ ಇಲ್ಲದಿದ್ದರೆ ಉಸಿರೇ ಸರಿಯಾಗಿ ಬರುವುದಿಲ್ಲ, ಯುದ್ಧ ಮುಗಿದು ಎಷ್ಟು ವರ್ಷವಾದರೂ. ಗೇಟಿನವರೆಗೆ ಬಂದು, ಫಲಕ ಓದಿ, ವೈದ್ಯರನ್ನು ನೋಡದೆ ವಾಪಸ್ ಹೋದವರನ್ನು ನಾನೇ ಕಂಡಿದ್ದೇನೆ. ಅದಕ್ಕೇ ಅಂಗಡಿಯ ಮೂಲೆಯಲ್ಲಿ ಒಂದು ಕಬ್ಬಿಣದ ಬೀರು ಇಟ್ಟೆ. ಅದಕ್ಕೆ ಹನ್ನೆರಡು ಖಾನೆ, ಹನ್ನೆರಡು ಹಿತ್ತಾಳೆ ಬಿಲ್ಲೆ, ಒಂದೇ ಬೀಗ. ಪಿಸ್ತೂಲು ಕೊಟ್ಟು ಬಿಲ್ಲೆ ತೆಗೆದುಕೊಂಡು ಹೋಗಬೇಕು, ಬಿಲ್ಲೆ ಕೊಟ್ಟು ಪಿಸ್ತೂಲು ತೆಗೆದುಕೊಂಡು ಹೋಗಬೇಕು. ಬೀರುವಿನ ಮೇಲೆ ಕೆಂಪು ಬಣ್ಣದಲ್ಲಿ ಒಂದು ಹಲಗೆ: ‘ಬಿಲ್ಲೆ ಇದ್ದರೆ ಸಾಕು, ಪ್ರಶ್ನೆ ಇಲ್ಲ.’

ಆ ಹಲಗೆ ಬರೆದವನು ಹಾಲಿಸ್ ವಾಂಡರ್‌ವೀರ್. ವಿಯೆಟ್ನಾಮಿನಲ್ಲಿ ನಾನು ಸಾರ್ಜೆಂಟ್, ಅವನು ನನ್ನ ತುಕಡಿಯ ಮೆಷಿನ್ ಗನ್ನಿನವನು. ಇಬ್ಬರಿಗೂ ಎಪ್ಪತ್ತೈದು ದಾಟಿತ್ತು. ಪ್ರತಿ ಗುರುವಾರ ರಕ್ತದೊತ್ತಡ ತೋರಿಸುವ ನೆಪದಲ್ಲಿ ಬಂದು, ಏಳನೇ ಖಾನೆಗೆ ಪಿಸ್ತೂಲು ಹಾಕಿ, ನನ್ನ ಕಾಫಿ ಕುಡಿದು, ನನ್ನ ಕಾಫಿಯನ್ನೇ ಹಳಿಯುತ್ತಿದ್ದ. ಬಾಯಿ ಮುಚ್ಚುವ ಆಸಾಮಿಯಲ್ಲ.

ಗುರುವಾರದ ಜಗಳ ಯಾವಾಗಲೂ ಆ ಫಲಕದ ಬಗ್ಗೆಯೇ. ಆಸ್ಪತ್ರೆಯ ನರ್ಸ್ ಮಾರ್ಲೀನ್ ಕಾಸ್ಟೆಲ್ ಕೂದಲು ಗಿಡ್ಡ ಮಾಡಿಸಿಕೊಳ್ಳಲು ನನ್ನ ಹತ್ತಿರವೇ ಬರುತ್ತಿದ್ದಳು. ಅವಳೂ ಇರಾಕಿನಲ್ಲಿ ಸೇನೆಯ ದಾದಿಯಾಗಿದ್ದವಳು, ಹಾಗಾಗಿ ಅವಳ ಬಾಯಿ ಮುಚ್ಚಿಸುವುದೂ ಸುಲಭವಲ್ಲ.

“ಹತ್ತೊಂಬತ್ತು ವರ್ಷಕ್ಕೆ ಕೈಗೆ ಮೆಷಿನ್ ಗನ್ ಕೊಟ್ಟು ಕಾಡಿಗೆ ಅಟ್ಟಿದ್ರು,” ಎಂದು ಹಾಲಿಸ್ ಶುರು ಮಾಡುತ್ತಿದ್ದ. “ಆಗ ನನ್ನ ಮೇಲೆ ನಂಬಿಕೆ ಇತ್ತು. ಈಗ ತೋಳಿಗೆ ಪಟ್ಟಿ ಕಟ್ಟಿಸ್ಕೊಳ್ಳೋಕೆ ಹೋದ್ರೆ ನಾನು ಕಳ್ಳ!”

“ನಿಂಗೆ ಫಲಕ ಕಾಣತ್ತೆ ಹಾಲಿಸ್, ನಂಗೆ ಪಾರ್ಕಿಂಗ್ ಜಾಗ ಕಾಣತ್ತೆ,” ಎನ್ನುತ್ತಿದ್ದಳು ಮಾರ್ಲೀನ್. “ನಾನು ಇಲ್ಲಿಗೆ ಬಂದ್ಮೇಲೆ ಮೂರು ಸಲ ಅಲ್ಲಿ ರಕ್ತ ತೊಳೆಸಿದೀವಿ. ಮೂರು ಜನಾನೂ ಪಿಸ್ತೂಲು ಗಾಡೀಲಿ ಬಚ್ಚಿಟ್ಕೊಂಡು ಬಂದೋರೇ.”

“ನೋಡಿದ್ಯಾ! ಸಾಯ್ಬೇಕು ಅಂದೋನು ಫಲಕ ಓದ್ತಾನೇನಮ್ಮಾ? ಓದೋರು ನಮ್ಮಂಥ ಪೆದ್ದರು.”

“ಓದಿದ್ರೆ ಹತ್ತು ನಿಮಿಷ ತಡ ಆಗತ್ತೆ ಕಣೋ. ಎಷ್ಟೋ ಜನಕ್ಕೆ ಮನಸ್ಸು ಬದಲಾಯಿಸೋಕೆ ಆ ಹತ್ತು ನಿಮಿಷವೇ ಸಾಕು.”

ನಾನು ಹಾಲಿಸ್ ಕಡೆ. ಎಲ್ಲರಿಗೂ ಒಳಗೊಳಗೆ ಇದ್ದ ಹೆದರಿಕೆ ಬೇರೆಯೇ. ಮನಸ್ಸು ಸರಿಯಿಲ್ಲ ಎಂದು ವೈದ್ಯರ ಮುಂದೆ ಬಾಯಿಬಿಟ್ಟರೆ ಮನೆಗೇ ಬಂದು ಬಂದೂಕು ಎತ್ತಿಕೊಂಡು ಹೋಗುತ್ತಾರೆ ಎಂದು. ಹಾಗಾಗಿ ಅಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎನ್ನುತ್ತಿದ್ದರು. ನನ್ನ ಬೀರುವನ್ನು ನಂಬಿದ್ದು, ನಾನು ಚೆನ್ನಾಗಿದ್ದೀಯಾ ಎಂದು ಕೂಡ ಕೇಳುತ್ತಿರಲಿಲ್ಲ ಎನ್ನುವ ಒಂದೇ ಕಾರಣಕ್ಕೆ. ಅದರ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು.

ನಾಲ್ಕನೇ ಖಾನೆ ಲೀಲ್ಯಾಂಡ್ ಪ್ರೂಯಿಟ್‌ನದು. ನಲವತ್ತರ ಆಸುಪಾಸಿನವನು, ಅಫ್ಘಾನಿಸ್ತಾನಕ್ಕೆ ಮೂರು ಸಲ ಹೋಗಿಬಂದವನು. ಗುರುವಾರ ಆಸ್ಪತ್ರೆಯಲ್ಲಿ ಎಂಟು ಹತ್ತು ಜನ ಕೂತು ಮಾತಾಡುವ ಗುಂಪಿಗೆ ಬರುತ್ತಿದ್ದ. ನನ್ನ ಹತ್ತಿರ ಮಾತು ಕಮ್ಮಿ. ಅವನ ನಾಯಿ ಟಿಲ್ಲಿ ಗಾಡಿಯ ಮುಂದಿನ ಸೀಟಿನಲ್ಲಿ ಕೂತು, ಅವನು ಹೊರಗೆ ಬರುವವರೆಗೂ ನನ್ನ ಅಂಗಡಿಯ ಬಾಗಿಲನ್ನೇ ದಿಟ್ಟಿಸುತ್ತಿತ್ತು.

ನವೆಂಬರಿನ ಒಂದು ಗುರುವಾರ ಮಧ್ಯಾಹ್ನ ಹಾಲಿಸ್ ಕುರ್ಚಿಯಲ್ಲಿದ್ದ. ಎಡಗಡೆ ಕತ್ತರಿಸಿ ಮುಗಿಸಿ ಬಲಗಡೆಗೆ ಬಂದಿದ್ದೆ. ಲೀಲ್ಯಾಂಡ್ ಗುಂಪು ಮುಗಿಸಿ ಒಳಗೆ ಬಂದ, ಬಿಲ್ಲೆ ಮುಂದೆ ಚಾಚಿದ. ಕಿಟಕಿಯಾಚೆ ಅವನ ಗಾಡಿಯ ಸೀಟು ಖಾಲಿ.

“ಟಿಲ್ಲಿ ಎಲ್ಲಿ?” ಎಂದೆ.

“ಅಕ್ಕನಿಗೆ ಕೊಟ್ಬಿಟ್ಟೆ ಸಾರ್ಜೆಂಟ್. ಅಲ್ಲಿ ಮಕ್ಕಳಿದಾರೆ, ಚೆನ್ನಾಗಿ ನೋಡ್ಕೋತಾರೆ.” ಬಿಲ್ಲೆಯನ್ನು ಇನ್ನಷ್ಟು ಮುಂದೆ ಚಾಚಿ, “ಇನ್ನು ಗುಂಪಿಗೂ ಬರಲ್ಲ. ಇಷ್ಟು ದಿನ ನೋಡ್ಕೊಂಡ್ರಿ, ಉಪಕಾರ ಆಯ್ತು,” ಎಂದ.

ನಾಯಿ ಕೊಟ್ಟುಬಿಟ್ಟವನು ಉಪಕಾರ ಎಂದದ್ದು ನನಗೆ ಹಿಡಿಸಲಿಲ್ಲ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಬೀರುವಿನ ಮುಂದೆ ಅಡ್ಡ ನಿಂತೆ.

“ಬೀರುವಿನ ಕೀ ಕಳೆದುಹೋಗಿದೆ ಕಣಪ್ಪಾ. ಬೆಳಿಗ್ಗೆಯಿಂದ ಹುಡುಕ್ತಿದೀನಿ. ಬೀಗದವನು ಸೋಮವಾರ ಬರ್ತಾನೆ. ಆಗ ಬಾ,” ಎಂದೆ.

ಲೀಲ್ಯಾಂಡ್ ನನ್ನ ಮುಖ ನೋಡಿದ, ಆಮೇಲೆ ನನ್ನ ಹಿಂದೆ ನೋಡಿದ. ಬಿಲ್ಲೆಯನ್ನು ನಿಧಾನಕ್ಕೆ ಜೇಬಿಗೆ ಹಾಕಿಕೊಂಡ. “ಸರಿ. ಸೋಮವಾರ,” ಎಂದು ಹೊರಟುಹೋದ.

ಬಾಗಿಲು ಮುಚ್ಚಿದ್ದೇ ತಡ, ಹಾಲಿಸ್ ನಾನು ಹೊದಿಸಿದ್ದ ಬಟ್ಟೆ ಕಿತ್ತು ನೆಲಕ್ಕೆ ಬಿಸಾಕಿದ.

“ಲೋ ಎಮೆಟ್, ಕೀ ನಿನ್ನ ಬೆಲ್ಟಿನ ಹಿಂದೆ ನೇತಾಡ್ತಿದೆ! ಇಷ್ಟು ದೊಡ್ಡ ಕನ್ನಡಿ ಮುಂದೆ ನಿಂತ್ಕೊಂಡು ಸುಳ್ಳು ಹೇಳ್ತೀಯಲ್ಲೋ!”

“ಮೆಲ್ಲಗೆ ಮಾತಾಡು. ಅವನು ನಾಯಿ ಕೊಟ್ಬಿಟ್ಟಿದಾನೆ.”

“ಕೊಡ್ಲಿ! ಅವನ ನಾಯಿ, ಅವನ ಪಿಸ್ತೂಲು. ಬಿಲ್ಲೆ ಇದ್ರೆ ಸಾಕು ಅಂತ ನನ್ನ ಕೈಯಲ್ಲೇ ಬರೆಸಿದ್ಯಲ್ಲ? ಇವತ್ತು ಅವನದ್ದು ಇಟ್ಕೊಂಡೆ, ನಾಳೆ ನನ್ನದು ಇಟ್ಕೋತೀಯ. ರಸ್ತೆ ಆಚೆ ಒಂದು ಗೇಟಿತ್ತು, ಈಗ ಈಚೆಗೂ ಒಂದಾಯ್ತು.” ಏಳನೇ ಬಿಲ್ಲೆಯನ್ನು ನನ್ನ ಬಾಚಣಿಗೆಗಳ ನಡುವೆ ಕುಕ್ಕಿದ. “ತೆಗಿ ನಂದು.”

ನನಗೂ ಪಿತ್ತ ನೆತ್ತಿಗೇರಿತ್ತು. ತೆಗೆದುಕೊಟ್ಟೆ. ಬಲಗಡೆ ಕೂದಲು ಹಾಗೇ ಇರುವಾಗಲೇ ಟೋಪಿ ಒತ್ತಿಕೊಂಡು ಹೋದ. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ಹಾಲಿಸ್ ಬಾಯಿಗೆ ಬಿದ್ದ ಮಾತು ಊರಿಗೆ ಬಿದ್ದ ಹಾಗೆ. ಎಮೆಟ್ ಪಿಸ್ತೂಲು ಹಿಡಿದಿಟ್ಟುಕೊಳ್ಳುತ್ತಾನೆ, ಆಸ್ಪತ್ರೆಯವರಿಗೆ ಹೆಸರು ಕೊಡುತ್ತಾನೆ ಎಂದೆಲ್ಲ ಸುದ್ದಿಯಾಯಿತು. ಮುಂದಿನ ಗುರುವಾರ ಯಾರೂ ಬರಲಿಲ್ಲ. ಹನ್ನೊಂದು ಖಾನೆ ಖಾಲಿ. ಯಾರೂ ಮನೆಯಲ್ಲಿ ಬಿಟ್ಟು ಬರುತ್ತಿರಲಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಎಲ್ಲರ ಪಿಸ್ತೂಲೂ ಈಗ ಸೀಟಿನಡಿಯಲ್ಲೋ ಕೋಟಿನೊಳಗೋ ಸೇರಿ, ಆ ಫಲಕವನ್ನು ದಾಟಿ ಗೇಟಿನೊಳಕ್ಕೇ ಹೋಗುತ್ತಿತ್ತು.

ಲೀಲ್ಯಾಂಡ್ ಸೋಮವಾರ ಬರಲಿಲ್ಲ. ಅವನ ಅಕ್ಕನಿಗೆ ಫೋನ್ ಮಾಡಿದೆ. ಶುಕ್ರವಾರವೇ ನಾಯಿ ನೋಡಲೆಂದು ಬಂದವನು ಅಲ್ಲೇ ಉಳಿದಿದ್ದಾನೆ, ಮಾತಿಲ್ಲ, ಆದರೆ ಮಾಡಿದ್ದನ್ನು ಉಣ್ಣುತ್ತಿದ್ದಾನೆ ಎಂದಳು. ನಾನು ಗೆದ್ದೆ ಎಂದುಕೊಂಡೆ. ನಾಲ್ಕನೇ ಖಾನೆ ನೋಡಿಕೊಂಡು ಮೂರು ವಾರ ಬೀಗುತ್ತಿದ್ದೆ.

ಮೂರನೆಯ ಗುರುವಾರ ಬೆಳಿಗ್ಗೆ ಹಾಲಿಸ್ ಬಂದ. ಟೋಪಿ ತೆಗೆದಾಗ ಬಲಗಡೆ ಕೂದಲು ಕಿವಿ ಮುಚ್ಚಿತ್ತು, ಎಡಗಡೆ ಇನ್ನೂ ಮೊಟಕು. ಮೂರು ವಾರ ಹಾಗೇ ಓಡಾಡಿದ್ದ, ಹಟಮಾರಿ.

“ಅರ್ಧ ಮಾಡಿ ಬಿಟ್ಟ ಕೆಲಸ ಮುಗಿಸು,” ಎಂದ. “ನೀಟಾಗಿರ್ಲಿ. ಕರ್ನಲ್ ಬಂದು ಸಾಲು ನೋಡ್ತಾನೆ ಅಂದ್ರೆ ಹೇಗೆ ಕತ್ತರಿಸ್ತಿದ್ಯೋ ಹಾಗೆ.”

ಬಟ್ಟೆ ಹೊದಿಸಿದೆ. ಬಲ ಸೊಂಟದ ಹತ್ತಿರ ಬಟ್ಟೆ ಉಬ್ಬಿ ನಿಂತಿತು. ಪಿಸ್ತೂಲು. ಅದನ್ನು ಸೊಂಟದಲ್ಲಿಟ್ಟುಕೊಂಡೇ ಗೇಟು ದಾಟುವವನಿದ್ದ. ನನಗೆ ಸಿಟ್ಟು ಬಂತು. ಹೋಗು, ಕಾವಲಿನವನ ಕೈಗೆ ಸಿಕ್ಕಿಬೀಳು, ಆಗ ಎಮೆಟ್ ನೆನಪಾಗುತ್ತಾನೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿ ತೆರೆಯಲಿಲ್ಲ. ಕಾಫಿ ಕೊಟ್ಟೆ, ಪೂರ್ತಿ ಕುಡಿದ, ಹಳಿಯಲಿಲ್ಲ.

ಕುತ್ತಿಗೆಗೆ ಪೌಡರ್ ಹಚ್ಚುವಾಗ ಕೇಳಿದ, “ಲೀಲ್ಯಾಂಡ್ ಹೇಗಿದಾನೆ?”

“ಇದಾನೆ. ಅಕ್ಕನ ಮನೇಲಿ.”

“ಒಳ್ಳೇದಾಯ್ತು.” ಕನ್ನಡಿಯಲ್ಲಿ ನನ್ನನ್ನೇ ನೋಡಿದ. “ಬಂದು ಕೇಳಿದ್ರೂ ಕೊಡ್ಬೇಡ.”

ಮುದುಕ ಸೋತ ಎಂದುಕೊಂಡೆ. ನನ್ನ ಮಾತೇ ಸರಿ ಎಂದು ಕೊನೆಗೂ ಒಪ್ಪಿದ, ಇನ್ನು ಊರೆಲ್ಲ ಒಪ್ಪುತ್ತದೆ. ಒಳಗೊಳಗೇ ನಕ್ಕೆ ಕೂಡ. ಅದನ್ನು ನೆನೆದರೆ ಈಗಲೂ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ. ಹಾಲಿಸ್ ಎದ್ದ, ಭುಜದ ಕೂದಲು ಕೊಡವಿಕೊಂಡ, ರಸ್ತೆ ದಾಟಿ ಫಲಕದ ಪಕ್ಕದಲ್ಲೇ ಒಳಗೆ ಹೋದ.

ಸದ್ದು ನನಗೆ ಕೇಳಿಸಲಿಲ್ಲ, ಅವತ್ತು ಗಾಳಿ ಜೋರಾಗಿತ್ತು. ಕಾವಲಿನವರು ಓಡುವುದು ಕಾಣಿಸಿತು. ಅರ್ಧ ಗಂಟೆಯ ನಂತರ ಮಾರ್ಲೀನ್ ಕೋಟಿಲ್ಲದೆ ರಸ್ತೆ ದಾಟಿ ಬಂದಳು. ಬಾಗಿಲಲ್ಲೇ ನಿಂತಳು.

“ಪಾರ್ಕಿಂಗಿನಲ್ಲಿ, ಎಮೆಟ್. ಕೊನೇ ಸಾಲು.”

“ಯಾರು?”

ಅವಳು ನೆಲದ ಮೇಲೆ ಬಿದ್ದಿದ್ದ ಬಿಳಿ ಕೂದಲು ನೋಡಿದಳು. “ಕತ್ತಿನ ಮೇಲೆ ನಿನ್ನ ಪೌಡರ್ ಇನ್ನೂ ಹಾಗೇ ಇತ್ತು ಕಣೋ,” ಎಂದಳು.

ಯಾಕೆ ಎಂದು ಊರವರು ಹತ್ತು ಕಾರಣ ಹೇಳಿದರು. ಶ್ವಾಸಕೋಶದಲ್ಲಿ ಗಡ್ಡೆ ಎಂದರು ಕೆಲವರು, ಹೆಂಡತಿ ಸತ್ತ ತಿಂಗಳು ಎಂದರು ಕೆಲವರು. ನನಗೆ ಗೊತ್ತಿಲ್ಲ. ಐವತ್ತೈದು ವರ್ಷದ ಗೆಳೆಯ. ನನಗೆ ಗೊತ್ತಿರಬೇಕಿತ್ತು. ಅವನು ವಟವಟ ಎನ್ನುತ್ತಿದ್ದನಲ್ಲ, ಹಾಗಾಗಿ ಅವನ ವಿಷಯವೆಲ್ಲ ತಿಳಿದಿದೆ ಎಂದುಕೊಂಡಿದ್ದೆ. ಮಾತಾಡದವನ ಮೇಲೆ ಕಣ್ಣಿಟ್ಟು ಕೂತಿದ್ದೆ.

ಹೂಳುವ ದಿನ ಬಾವುಟ ಮಡಚಿ ಅವನ ಮಗಳ ಕೈಗೆ ಕೊಟ್ಟರು. ಅದರ ಮಾರನೆಯ ದಿನ ಲೀಲ್ಯಾಂಡ್ ಅಂಗಡಿಗೆ ಬಂದ. ಕಿಟಕಿಯಾಚೆ ಟಿಲ್ಲಿ ಸೀಟಿನಲ್ಲಿ ಕೂತಿತ್ತು. ನಾಲ್ಕನೇ ಬಿಲ್ಲೆಯನ್ನು ಮುಂದಿಟ್ಟ.

“ಅವತ್ತು ಕೀ ನಿಮ್ಮ ಬೆನ್ನ ಹಿಂದೆ ಇತ್ತು,” ಎಂದ. “ಕನ್ನಡೀಲಿ ಕಂಡೆ.”

“ಮತ್ತೆ ಯಾಕೆ ಸುಮ್ನೆ ಹೋದೆ? ಕಿತ್ಕೊಂಡು ಹೋಗ್ಬಹುದಿತ್ತಲ್ಲ?”

“ನಿಮಗೆ ಸುಳ್ಳು ಹೇಳೋಕೆ ಬರಲ್ಲ ಸಾರ್ಜೆಂಟ್, ಇಡೀ ಊರಿಗೆ ಗೊತ್ತು. ಕಿವಿ ಕೆಂಪಾಗಿತ್ತು. ನನಗೋಸ್ಕರ ಒಬ್ಬರು ಇಷ್ಟು ಕೆಟ್ಟದಾಗಿ ಸುಳ್ಳು ಹೇಳ್ತಿದಾರೆ, ಸೋಮವಾರದ ತನಕ ನೋಡೋಣ ಅನ್ನಿಸ್ತು. ಅಷ್ಟೇ.” ಖಾಲಿ ಕುರ್ಚಿ ನೋಡಿ ಕೇಳಿದ, “ಹಾಲಿಸ್‌ಗೆ ಏನು ಹೇಳಿದ್ರಿ?”

“ಏನೂ ಹೇಳ್ಲಿಲ್ಲ.”

“ಏನೂ ಕೇಳ್ಲಿಲ್ವಾ?”

“ಇಲ್ಲ.”

ಅವನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ನಾನು ಸ್ಟೂಲ್ ಹತ್ತಿ ಹಾಲಿಸ್ ಬರೆದ ಹಲಗೆಯ ಮೊಳೆ ಕಿತ್ತೆ. ಲೀಲ್ಯಾಂಡ್ ಕೆಳಗಿನಿಂದ ಹಲಗೆ ಹಿಡಿದುಕೊಂಡ. ಕೆಳಗಿಳಿದು ಬೀಗ ತೆಗೆದೆ, ಬೀರುವಿನ ಬಾಗಿಲು ಪೂರ್ತಿ ತೆರೆದೆ. ಅವನ ಪಿಸ್ತೂಲು ಇಟ್ಟಲ್ಲೇ ಇತ್ತು.

“ಹೇಗಿದೀಯಾ ಲೀಲ್ಯಾಂಡ್?” ಎಂದೆ. ಬೀರುವಿನ ಮುಂದೆ ನಿಂತು ಅಲ್ಲಿಯವರೆಗೆ ಯಾರನ್ನೂ ಕೇಳಿರದ ಮಾತು. “ನಿಜ ಹೇಳು. ಇವತ್ತು ಇದು ಬೇಕಾ?”

ಅವನು ಕಿಟಕಿಯಾಚೆ ನಾಯಿಯನ್ನು ನೋಡಿದ. “ಇವತ್ತು ಬೇಡ,” ಎಂದ. “ಮುಂದಿನ ಗುರುವಾರ ಇನ್ನೊಂದು ಸಲ ಕೇಳಿ.”

ಈಗ ಆರೇಳು ಜನ ಮತ್ತೆ ಬರುತ್ತಿದ್ದಾರೆ. ಬಂದವರನ್ನೆಲ್ಲ ಕೇಳುತ್ತೇನೆ, ಮುಖ ನೋಡಿ, ಕತ್ತರಿ ಕೆಳಗಿಟ್ಟು. ಕೆಲವರು ಬೈದು ಹೋಗುತ್ತಾರೆ, ಕೆಲವರು ಕೂತುಕೊಳ್ಳುತ್ತಾರೆ. ಒಬ್ಬ ನಿಂತಲ್ಲೇ ಅತ್ತ. ಆಚೆಯ ಫಲಕ ಸರಿ ಎಂದು ನಾನು ಇವತ್ತಿಗೂ ಹೇಳಲಾರೆ. ಅದನ್ನು ಬೈಯುವುದಕ್ಕೂ ಈಗ ಬಾಯಿ ಬರುವುದಿಲ್ಲ. ಮಾರ್ಲೀನ್ ಬಂದಾಗ ನಾವಿಬ್ಬರೂ ಆ ಮಾತು ಎತ್ತುವುದಿಲ್ಲ.

ಏಳನೇ ಖಾನೆ ಯಾರಿಗೂ ಕೊಟ್ಟಿಲ್ಲ. ಅದರ ಬಿಲ್ಲೆ ಬಾಚಣಿಗೆಗಳ ನಡುವೆ ಅವನು ಕುಕ್ಕಿದಲ್ಲೇ ಇದೆ, ದಿನಾ ಬೆಳಿಗ್ಗೆ ಕಣ್ಣಿಗೆ ಬೀಳುತ್ತದೆ. ಮಾರ್ಲೀನ್ ಹತ್ತು ನಿಮಿಷ ಸಾಕು ಎನ್ನುತ್ತಿದ್ದಳು. ಹಾಲಿಸ್ ನನ್ನ ಕುರ್ಚಿಯಲ್ಲಿ, ನನ್ನ ಕೈ ಕೆಳಗೆ, ಇಪ್ಪತ್ತು ನಿಮಿಷ ಕೂತಿದ್ದ.