ನಲವತ್ತೊಂದನೇ ಹಾಜರಿ

ಗೊಂಬೆಯ ಎಡಗಾಲನ್ನು ಅವಳು ಮೂರನೇ ಸಲ ಬಿಚ್ಚುತ್ತಿದ್ದಳು.

ಹೊಲಿದ ಕಾಲು ಸರಿಯಾಗೇ ಇತ್ತು. ಬಲಗಾಲಿನಷ್ಟೇ ದಪ್ಪ, ಬಲಗಾಲಿನಷ್ಟೇ ಗಟ್ಟಿ. ತಪ್ಪಾಗಿದ್ದೇ ಅದು. "ಒಳ್ಳೆ ಕಾಲು ಯಾರು ಬೇಕಾದ್ರೂ ಹೊಲೀತಾರೆ," ಅಂದಿದ್ದ ಮಾಲೀಕ. "ಇದಕ್ಕೆ ಕೆಟ್ಟ ಕಾಲು ಬೇಕು. ನೋಡಿದ ತಕ್ಷಣ ಅಯ್ಯೋ ಅನ್ನಿಸಬೇಕು."

ತಗಡಿನ ಸೂರಿನ ಕೆಳಗೆ ಹದಿನಾಲ್ಕು ಮೆಷಿನ್ನು. ಇದ್ದ ಒಂದೇ ಕಿಟಕಿಗೂ ಗೋಣಿ ಬಡಿದಿದ್ದರು, ಗಾಳಿ ಬಂದರೆ ಹತ್ತಿ ಹಾರುತ್ತದೆ ಅಂತ. ಹತ್ತಿ ಹಾಗೂ ಹಾರುತ್ತಿತ್ತು, ಹೆಂಗಸರ ಮೂಗಿಗೆ ಹೋಗುತ್ತಿತ್ತು. ಗೊಂಬೆಗಳ ಹೊಟ್ಟೆ ತುಂಬುವ ಮುದುಕಿಗೆ ಹತ್ತಿಯಜ್ಜಿ ಅಂತಲೇ ಹೆಸರು. ಕೆಮ್ಮು ಹತ್ತಿದರೆ ಅವಳಿಗೆ ಕಾಲು ಗಂಟೆ ನಿಲ್ಲುತ್ತಿರಲಿಲ್ಲ. "ನಾನು ಸತ್ತ ಮೇಲೆ ಎದೆ ಸೀಳಿ ನೋಡ್ರೇ, ಒಂದು ದಿಂಬಿಗಾಗೋಷ್ಟು ಸಿಗುತ್ತೆ," ಅನ್ನುತ್ತಿದ್ದಳು.

ಆರ್ಡರ್ ಬಂದದ್ದು ದೊಡ್ಡ ಶಾಲೆಯಿಂದ. ಒಂದೇ ತರಗತಿಗೆ ಐದು ಗೊಂಬೆ. ಒಂದೊಂದೂ ಏಳು ವರ್ಷದ ಮಗುವಿನಷ್ಟು ಎತ್ತರ. ಒಂದು ಕಪ್ಪು, ಒಂದು ಬಿಳಿ, ಒಂದಕ್ಕೆ ಸೋಡಾ ಬಾಟಲಿ ಕನ್ನಡಕ, ಒಂದಕ್ಕೆ ಕಿವಿಯ ಮೆಷಿನ್ನು, ಇನ್ನೊಂದು ಕುಂಟಿ. ಎಲ್ಲ ಥರದ ಮಕ್ಕಳೂ ತರಗತಿಯಲ್ಲಿ ಇರಬೇಕು ಅಂತ ಶಾಲೆಯವರಿಗೆ ಮನಸ್ಸಾಗಿತ್ತಂತೆ.

"ಹಂಗಿದ್ರೆ ಮಕ್ಕಳನ್ನೇ ಸೇರಿಸ್ಕೋಬಹುದಲ್ಲ?" ಅಂದಳು ಹತ್ತಿಯಜ್ಜಿ.

"ಗೊಂಬೆ ಉಚ್ಚೆ ಹೊಯ್ಯಲ್ಲ ಅಜ್ಜಿ," ಅಂದ ಮಾಲೀಕ.

ಹದಿನಾಲ್ಕು ಮೆಷಿನ್ನಿನವರೂ ನಕ್ಕರು. ಅವಳೂ ನಕ್ಕಳು.

ನಕ್ಕ ಬಾಯಿ ಮುಚ್ಚುವುದಕ್ಕೆ ಮುಂಚೆ ಮಾಲೀಕ ಅವಳ ಮೆಷಿನ್ ಹತ್ತಿರ ಬಂದ. "ನಿನ್ನ ಮಗಳು ಕಾಲಿಗೆ ಹಾಕ್ಕೋತಾಳಲ್ಲ, ಕ್ಯಾಲಿಪರು, ಅದನ್ನ ನಾಳೆ ತಗೊಂಬಾ. ಅಳತೆಗೆ. ಗೊಂಬೆಗೆ ಅಂಥದ್ದೇ ಒಂದು ಮಾಡಿಸ್ಬೇಕು."

"ಅದಿಲ್ದೆ ಅವಳು ಎದ್ದು ನಿಲ್ಲಲ್ಲ ಸಾರ್."

"ಎರಡೇ ದಿನ ಕಣಮ್ಮ. ಹೆಡ್ ಮೇಡಂ ನನಗೆ ಬೇಕಾದೋರು. ಗೊಂಬೆ ಕೊಡೋವಾಗ ನಿನ್ನ ಮಗಳ ಸೀಟಿನ ಮಾತೂ ಒಂದು ಕಿವಿಗೆ ಹಾಕಿ ಬರ್ತೀನಿ."

ಸೀಟು ಅಂದದ್ದೇ ಅವಳು ತಲೆಯಾಡಿಸಿದಳು. ಶಾಲೆ ಶುರುವಾಗುವ ಮೊದಲು ಮಗಳನ್ನು ಬೆನ್ನ ಮೇಲೆ ಹೊತ್ತು ಅಲ್ಲಿಗೇ ಹೋಗಿದ್ದಳು. ಹೆಡ್ ಮೇಡಂ ಮಗುವಿನ ಗಲ್ಲ ಸವರಿ, ಚಾಕಲೇಟು ಕೊಟ್ಟು, ಕ್ಲಾಸು ಮೇಲ್ಗಡೆ ಇದೆ, ಎತ್ತಿ ಇಳಿಸೋರು ಯಾರು, ಬಿದ್ದು ಗಿದ್ದು ಆದರೆ ಜವಾಬ್ದಾರಿ ಯಾರು ಅಂತ ಬಾಗಿಲ ತನಕ ಬಂದು ಬೀಳ್ಕೊಟ್ಟಿದ್ದರು. ಅಷ್ಟು ಮರ್ಯಾದೆಯಾಗಿ ಅವಳನ್ನು ಯಾರೂ ಹೊರಗೆ ಕಳಿಸಿರಲಿಲ್ಲ.

ಮಾರನೇ ದಿನ ಕ್ಯಾಲಿಪರು ತಂದಳು. ಎರಡು ಕಬ್ಬಿಣದ ಸರಳು, ಮೂರು ಚರ್ಮದ ಪಟ್ಟಿ, ತುದಿಗೊಂದು ಬೂಟು. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷ ಅಲೆದು ಪಡೆದದ್ದು.

ಅದು ಕಣ್ಣೆದುರಿಗೆ ಇದ್ದಮೇಲೆ ಅವಳಿಗೆ ಬೇರೆ ಅಳತೆ ಬೇಕಾಗಲಿಲ್ಲ. ಮೊಣಕಾಲ ಹತ್ತಿರ ಎಷ್ಟು ಸಣ್ಣ, ಮೀನಖಂಡ ಎಲ್ಲಿ ಇಲ್ಲವೇ ಇಲ್ಲ, ಹಿಮ್ಮಡಿ ಯಾವ ಕಡೆ ವಾಲುತ್ತದೆ, ಎಲ್ಲ ಅವಳ ಅಂಗೈಗೆ ಗೊತ್ತಿತ್ತು. ದಿನಾ ರಾತ್ರಿ ಎಣ್ಣೆ ತಿಕ್ಕುವ ಕಾಲು. ಅದನ್ನೇ ಬಟ್ಟೆಯಲ್ಲಿ ಹೊಲಿದಳು. ಕ್ಯಾಲಿಪರು ತೊಡಿಸಿದರೆ ಪಟ್ಟಿ ಮಗಳಿಗೆ ಸಿಕ್ಕಿಸುವ ತೂತಿಗೇ ಬಂದು ಕೂತಿತು. ಉಳಿದ ಹದಿಮೂರು ಮೆಷಿನ್ನಿನವರೂ ಎದ್ದು ಬಂದು ನೋಡಿದರು.

"ಕೈಯಲ್ಲಿ ದೇವರಿದಾನೆ ಕಣೇ ನಿನಗೆ," ಅಂದಳು ಪಕ್ಕದವಳು.

ಮಗಳು ಅಲ್ಲೇ ಹತ್ತಿಯ ರಾಶಿಯ ಮೇಲೆ ಕೂತಿದ್ದಳು. ಕ್ಯಾಲಿಪರು ಇಲ್ಲದೆ ಮನೆಯಲ್ಲಿ ಒಬ್ಬಳನ್ನೇ ಬಿಡುವ ಹಾಗಿರಲಿಲ್ಲ, ಎತ್ತಿಕೊಂಡು ಬಂದಿದ್ದಳು. ತೆಳ್ಳಗಿದ್ದುದಕ್ಕೆ ಎಲ್ಲರೂ ಅವಳನ್ನು ಕಡ್ಡಿ ಅನ್ನುತ್ತಿದ್ದರು. ಕಡ್ಡಿ ಗೊಂಬೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಅಮ್ಮಾ, ಇವಳು ಎಲ್ಲಿಗೆ ಹೋಗ್ತಾಳೆ?"

"ಸ್ಕೂಲಿಗೆ."

"ಮೆಟ್ಟಿಲು ಯಾರು ಹತ್ತಿಸ್ತಾರೆ?"

ಅವಳು ನೂಲು ಕಚ್ಚಿ ತುಂಡು ಮಾಡಿದಳು.

ಗೊಂಬೆಗಳು ಹೋದವು, ಕ್ಯಾಲಿಪರು ಮಾತ್ರ ವಾಪಸ್ ಬರಲಿಲ್ಲ. ಎರಡು ದಿನ ಆಯಿತು, ವಾರ ಆಯಿತು. ಕೇಳಿದರೆ ಮಾಲೀಕ ಕಬ್ಬಿಣದ ಕೆಲಸದವನು ಇನ್ನೂ ಅಳತೆ ತಗೊಂಡಿಲ್ಲ ಅಂದ. ಆಮೇಲೆ ಅವನಿಗೆ ಜ್ವರ ಅಂದ. ಒಂದು ತಿಂಗಳು ಕಳೆದ ಮೇಲೆ, ಊಟದ ಹೊತ್ತಿನಲ್ಲಿ ಅವಳು ದಾರಿಗಡ್ಡ ನಿಂತಾಗ, ಸುಳ್ಳು ಹೇಳಿ ಅವನಿಗೂ ಸುಸ್ತಾಗಿತ್ತು.

"ನೋಡು, ನಿನ್ನದೇ ತಪ್ಪು. ಅಷ್ಟು ಚೆನ್ನಾಗಿ ಯಾರು ಕೂರಿಸು ಅಂದಿದ್ರು? ಹಾಗೇ ಕಳಿಸ್ಬಿಟ್ವಿ. ಮೇಡಂ ಕಣ್ಣಲ್ಲಿ ನೀರು ಹಾಕ್ಕೊಂಡ್ರು, ನಿಜವಾದ ಮಗು ಥರಾನೇ ಇದೆ ಅಂತ. ಈಗ ಬಿಚ್ಚಿಕೊಡಿ ಅಂತ ಹೆಂಗೆ ಕೇಳಲಿ?"

"ಸಾರ್, ನನ್ನ ಮಗು ನೆಲದ ಮೇಲೆ ತೆವಳ್ತಿದೆ."

"ಆಸ್ಪತ್ರೇಲಿ ಪುಕ್ಕಟೆ ಕೊಡ್ತಾರಲ್ಲಮ್ಮ, ಇನ್ನೊಂದು ತಗೋ."

ಆಸ್ಪತ್ರೆಯವರು ಹಳೇ ಚೀಟಿ ನೋಡಿದರು. ಹೋದ ವರ್ಷ ತಾನೇ ಕೊಟ್ಟಿದೆ, ಕಳಕೊಂಡು ಬಂದರೆ ಮರದಲ್ಲಿ ಬಿಡುತ್ತಾ ಅಂತ ಬೈದರು. ಕಳೆದಿಲ್ಲ ಸಾರ್, ಗೊಂಬೆ ಹಾಕಿಕೊಂಡಿದೆ ಅಂದಳು. ಗುಮಾಸ್ತ ಪಕ್ಕದವನ ಮುಖ ನೋಡಿದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೂರನೇ ತಿಂಗಳಿಗೆ ಕಡ್ಡಿಯ ಮೊಣಕಾಲು ಮಡಿಸಿದ್ದು ಮಡಿಸಿದಂತೆ ಸೆಟೆಯತೊಡಗಿತು. ಎಣ್ಣೆ ತಿಕ್ಕಿ ನೀಡಿಸಿದರೆ ಮಗು ಕಿರುಚುತ್ತಿತ್ತು. ತೆವಳಿ ತೆವಳಿ ಕುಂಡೆಯ ಚರ್ಮ ಒಡೆದಿತ್ತು. ಹತ್ತಿಯಜ್ಜಿ ಅದಕ್ಕೆ ಹತ್ತಿ ಇಟ್ಟು ಬಟ್ಟೆ ಕಟ್ಟಿದಳು. ಕಟ್ಟುತ್ತಾ, "ನಾಳೆ ನಿನ್ನ ಮೆಷಿನ್ ಖಾಲಿ ಇರುತ್ತೆ ಅಂದ್ಕೋತೀನಿ," ಅಂದಳು. "ಮಾಲೀಕ ಕೇಳಿದ್ರೆ ನಾನು ಕೆಮ್ತಾ ಇರ್ತೀನಿ. ಕೆಮ್ಮೋರ ಹತ್ರ ಯಾರೂ ಬಾಯಿ ಬಿಡಿಸೋಕಾಗಲ್ಲ."

ಮಾರನೇ ಬೆಳಿಗ್ಗೆ ಮಗಳನ್ನು ಬೆನ್ನಿಗೆ ಹಾಕಿಕೊಂಡು ಅವಳು ಶಾಲೆಯ ಗೇಟಿಗೆ ಹೋದಳು.

"ಎಲ್ಲಿಗೆ?" ಅಂದ ವಾಚ್‌ಮನ್.

"ಗೊಂಬೆ ರಿಪೇರಿ."

ಬಿಟ್ಟ. ಮಗಳನ್ನು ಕೆಳಗಿನ ಮೆಟ್ಟಿಲ ಮೇಲೆ ಕೂರಿಸಿ ಅವಳು ಒಬ್ಬಳೇ ಹತ್ತಿದಳು. ಇಪ್ಪತ್ತೆರಡು ಮೆಟ್ಟಿಲು. ಕೊನೆಯ ಮೆಟ್ಟಿಲಲ್ಲಿ ಹಾಜರಿ ಕೇಳಿಸಿತು. ಟೀಚರು ನಂಬರು ಕೂಗುತ್ತಿದ್ದರು.

"ನಲವತ್ತು?"

"ಬಂದಿದೀನಿ ಮಿಸ್."

"ನಲವತ್ತೊಂದು?"

"ಬಂದಿದಾಳೆ ಮಿಸ್!" ಇಡೀ ತರಗತಿ ಒಂದೇ ಕೊರಳಲ್ಲಿ ಕೂಗಿತು.

ನಲವತ್ತೊಂದು ಮೊದಲ ಸಾಲಿನಲ್ಲಿ, ಉಳಿದ ನಾಲ್ಕು ಗೊಂಬೆಗಳ ಪಕ್ಕ ಕೂತಿತ್ತು. ಇಸ್ತ್ರಿ ಮಾಡಿದ ಯೂನಿಫಾರ್ಮು, ರಿಬ್ಬನ್ನು, ಎದೆಯ ಮೇಲೆ ಚೀಟಿ. ಅದಕ್ಕೆ ನಗು ಅಂತ ಹೆಸರಿಟ್ಟಿದ್ದರು. ಕುರ್ಚಿಗೆ ಮೆತ್ತೆ ಹಾಕಿದ್ದರು. ಗೋಡೆಯ ಮೇಲೆ ಬಣ್ಣ ಬಣ್ಣದ ಅಕ್ಷರ: ಇಲ್ಲಿ ಎಲ್ಲರಿಗೂ ಜಾಗವಿದೆ. ಕ್ಯಾಲಿಪರಿಗೆ ಹೊಸ ಪಾಲಿಶು ಬಂದಿತ್ತು. ಸರಳಿನ ಮೇಲೆ ಕೆಂಪು ಬಣ್ಣದಲ್ಲಿ ಶಾಲೆಯ ಮೊಹರು, ಸಾಮಾನಿನ ನಂಬರು.

ಸುದ್ದಿ ಹೋಗಿ ಹೆಡ್ ಮೇಡಂ ಬಂದರು. ಅವಳು ಎಲ್ಲ ಹೇಳಿದಳು. ಮೇಡಂ ಸಮಾಧಾನವಾಗಿ ಕೇಳಿದರು.

"ನಿಮ್ಮ ಕಷ್ಟ ಅರ್ಥ ಆಗುತ್ತಮ್ಮ. ಆದರೆ ಇದು ರಿಜಿಸ್ಟರ್‌ಗೆ ಏರಿದ ಸಾಮಾನು. ಒಂದು ಅರ್ಜಿ ಬರೆದುಕೊಡಿ, ಕಮಿಟಿ ಮುಂದೆ ಇಡ್ತೀನಿ. ನಾಡಿದ್ದು ಇದನ್ನ ನೋಡೋಕೇ ಅಂತ ಬೇರೆ ಊರಿಂದ ಜನ ಬರ್ತಿದಾರೆ."

"ನನಗೆ ಬರೆಯೋಕೆ ಬರಲ್ಲ ಮೇಡಂ."

"ಯಾರ ಕೈಲಾದ್ರೂ ಬರೆಸಿ."

ಅವಳು ಮಂಡಿಯೂರಿದಳು. ಕಾಲಿಗೆ ಬೀಳುತ್ತಾಳೆ ಅಂದುಕೊಂಡು ಮೇಡಂ ಒಂದು ಹೆಜ್ಜೆ ಹಿಂದೆ ಸರಿದರು. ಅವಳು ಗೊಂಬೆಯ ಪಾದ ಹಿಡಿದು ಮೊದಲ ಪಟ್ಟಿ ಬಿಚ್ಚಿದಳು.

ಎರಡನೇ ಪಟ್ಟಿ ಬಿಚ್ಚುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಓಡಿಬಂದು ಅವಳ ಕೈಯನ್ನು ಎರಡೂ ಕೈಯಿಂದ ಜಗ್ಗಿದಳು.

"ಬೇಡ ಆಂಟೀ! ತಗೋಬೇಡಿ! ನಗು ಹೆಂಗೆ ನಡೀತಾಳೆ?"

ಮಗು ನಿಜವಾಗಿ ಅಳುತ್ತಿತ್ತು. ಇನ್ನೂ ನಾಲ್ಕಾರು ಮಕ್ಕಳು ಅತ್ತವು. "ನೋಡಿ, ಎಷ್ಟು ಎಳೇ ಮನಸ್ಸುಗಳು," ಅಂದರು ಮೇಡಂ. "ನಿಮಗೆ ಕರುಣೆ ಇಲ್ವಾ?"

ಅವಳು ಕೈ ಕೊಡವಿಕೊಳ್ಳಲು ಹೋದಳು. ಆದರೆ ಜಗ್ಗುತ್ತಿದ್ದ ಕೈ ಪುಟ್ಟದು, ಬಿಸಿಯಾಗಿತ್ತು. ಕೊಡವಲು ಆಗಲಿಲ್ಲ.

"ಈ ಕಾಲು ನಾನೇ ಹೊಲಿದಿದ್ದು ಪುಟ್ಟಾ," ಅಂದಳು. "ಒಳಗೆ ಬರೀ ಹತ್ತಿ. ಇದಕ್ಕೆ ನೋಯಲ್ಲ. ನೋಯೋ ಕಾಲಿನವಳು ಕೆಳಗೆ ಮೆಟ್ಟಿಲ ಮೇಲೆ ಕೂತಿದಾಳೆ. ಬೇಕಾದ್ರೆ ನೋಡು."

ಹುಡುಗಿಯ ಹಿಡಿತ ಸಡಿಲವಾಯಿತು. ಅವಳು ಮೂರನೇ ಪಟ್ಟಿ ಬಿಚ್ಚಿದಳು. ಗೊಂಬೆ ಮೆತ್ತಗೆ ಎಡಕ್ಕೆ ವಾಲಿ ಕುರ್ಚಿಯಿಂದ ಜಾರಿತು. ಮಕ್ಕಳೆಲ್ಲ ಕಿಟಕಿಗೆ ಓಡಿದರು.

"ಕೂತ್ಕೊಳ್ಳಿ! ಎಲ್ಲಾರೂ ಜಾಗಕ್ಕೆ!" ಟೀಚರು ಕೂಗಿದರು. "ಹಾಜರಿ ಮತ್ತೆ ಮೊದಲಿಂದ! ಒಂದು?"

ಅವಳು ಇಳಿದಳು. ನಾಳೆ ತನ್ನ ಮೆಷಿನ್ ಮುಂದೆ ಬೇರೆ ಯಾರೋ ಕೂತಿರುತ್ತಾರೆ ಅಂತ ಹತ್ತನೇ ಮೆಟ್ಟಿಲಲ್ಲಿ ಹೊಳೆಯಿತು. ಕಾಲು ನಿಲ್ಲಲಿಲ್ಲ. ಕಡ್ಡಿ ಕ್ಯಾಲಿಪರು ಕಂಡದ್ದೇ ಕೈ ಚಾಚಿದಳು. ಕಾಲು ನೀಡಿಸುವಾಗ ಹಲ್ಲು ಕಚ್ಚಿದಳು, ಕಿರುಚಲಿಲ್ಲ. ಮೂರು ತಿಂಗಳಲ್ಲಿ ಮಗಳು ಒಂದು ಬೆರಳಷ್ಟು ಬೆಳೆದಿದ್ದಳು. ಗೊಂಬೆ ಬೆಳೆದಿರಲಿಲ್ಲ. ಬೂಟಿನಲ್ಲಿ ಹೆಬ್ಬೆರಳು ಮಡಚಿಕೊಂಡೇ ಹೋಯಿತು, ಪಟ್ಟಿ ತೊಡೆಯನ್ನು ಕಚ್ಚಿತು.

ಮೇಡಂ ಮೇಲಿನ ಕಟಾಂಜನ ಹಿಡಿದು ನಿಂತಿದ್ದರು. "ವಾಚ್‌ಮನ್! ಅದು ಶಾಲೆ ಸಾಮಾನು. ಬಿಚ್ಚಿಸು!"

ವಾಚ್‌ಮನ್ ಬಂದು ಅಡ್ಡ ನಿಂತ. ಅವಳಿಗಿಂತ ದೊಡ್ಡವನು, ನೆರೆತ ಮೀಸೆಯವನು. "ಬಿಚ್ಚಮ್ಮ," ಅಂದ, ಅವಳ ಮುಖ ನೋಡದೆ. "ನನ್ನ ಕೆಲಸ ಹೋಗುತ್ತೆ."

"ನನ್ನದು ಆಗಲೇ ಹೋಯ್ತಣ್ಣ," ಅಂದಳು. "ನೀವೇ ಬಿಚ್ಚಿ."

ಅವನು ಕುಕ್ಕುರುಗಾಲಲ್ಲಿ ಕೂತು ಪಟ್ಟಿಗೆ ಕೈ ಹಾಕಿದ. ಕಡ್ಡಿಗೆ ದೊಡ್ಡವರು ತನ್ನ ಕಾಲು ಹಿಡಿಯುವುದು ಅಭ್ಯಾಸ. ಅವನ ಹೆಗಲ ಮೇಲೆ ಕೈಯಿಟ್ಟು, ಅನುಕೂಲವಾಗಲಿ ಅಂತ ಕಾಲು ಮುಂದೆ ಚಾಚಿದಳು.

"ಒಂದು ತೂತು ಸಡಿಲ ಮಾಡಿ ಮಾಮಾ. ಕಚ್ತಿದೆ."

ವಾಚ್‌ಮನ್ನಿನ ಬೆರಳು ಅಲ್ಲೇ ನಿಂತವು. ಮೇಲೆ ನಂಬರುಗಳು ಒಂದೊಂದೇ ಏರುತ್ತಿದ್ದವು. ಅವನು ಪಟ್ಟಿಯನ್ನು ಒಂದು ತೂತು ಸಡಿಲ ಮಾಡಿದ. ಮೊಣಕಾಲಿಗೆ ಕೈಕೊಟ್ಟು ಎದ್ದ.

"ತುಕ್ಕು ಹಿಡಿದಿದೆ ಮೇಡಂ," ಅಂದ, ತಲೆಯೆತ್ತದೆ, ಗಟ್ಟಿಯಾಗಿ. "ಬಿಚ್ಚೋಕೆ ಬರ್ತಿಲ್ಲ."

ಮೇಡಂ ಏನೋ ಕೂಗಿದರು. ಪೊಲೀಸು ಅಂದರು. ಗೊಂಬೆಯವನ ಫೋನ್ ನಂಬರ್ ಅಂದರು. ಕಡ್ಡಿ ಅಮ್ಮನ ಕೈ ಹಿಡಿದು ಹೆಜ್ಜೆಯಿಟ್ಟಳು. ಕಾಲು ಪೂರ್ತಿ ನೆಟ್ಟಗಾಗಲಿಲ್ಲ, ಇನ್ನು ಆಗುತ್ತದೋ ಇಲ್ಲವೋ. ಕಬ್ಬಿಣ ಕಲ್ಲಿಗೆ ತಾಗಿ ಟಕ್ ಅಂದಿತು. ನಿಂತಳು. ಮತ್ತೆ ಟಕ್. ಅಂಗಳ ದೊಡ್ಡದಿತ್ತು.

"ನಲವತ್ತು?" ಮೇಲಿನಿಂದ ಟೀಚರ ದನಿ.

"ಬಂದಿದೀನಿ ಮಿಸ್."

"ನಲವತ್ತೊಂದು?"

ಯಾರೂ ಕೂಗಲಿಲ್ಲ.

"ನಲವತ್ತೊಂದು? ಎಲ್ಲಾರೂ ಹೇಳಿ! ನಗು ಬಂದಿದಾಳೆ..."

ಕಿಟಕಿಯಿಂದ ಒಂದೇ ಒಂದು ದನಿ ಬಂತು. ಅತ್ತು ಅತ್ತು ಒಡೆದ ದನಿ. ತನ್ನ ಕೈ ಜಗ್ಗಿದ ಹುಡುಗಿಯದು ಅಂತ ಅವಳಿಗೆ ಗೊತ್ತಾಯಿತು.

"ಇಲ್ಲ ಮಿಸ್. ಗೇಟ್ ದಾಟ್ತಿದಾಳೆ."